ಲಾಟಿನ ತೂಕ ಬದಲಾದರೂ ಪರದೆ ಬದಲಾಗದಿರುವುದೇಕೆ? ಆಬ್ಜೆಕ್ಟಿನ ಬದಲಾವಣೆಗಳನ್ನು ಗಮನಿಸುವ ಕ್ರಮ

ಪ್ರಶ್ನೆ: ನಾನು ದಾವಣಗೆರೆಯವನು. ಇಲ್ಲಿನ ಎಪಿಎಂಸಿ ಪ್ರಾಂಗಣದ ಒಂದು ಮೆಕ್ಕೆಜೋಳದ ಮಂಡಿಗಾಗಿ ವೆಬ್ ಪುಟವೊಂದನ್ನು ಬರೆಯುತ್ತಿದ್ದೇನೆ. ಮಾರಾಟಕ್ಕೆ ಬಂದ ಮಾಲಿನ ಪ್ರತಿ ಲಾಟಿಗೂ ಒಂದು ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್ ಇದೆ. ಅದರಲ್ಲಿ ರೈತರ ಹೆಸರು, ಚೀಲ, ತೂಕ, ದರ, ಹಮಾಲಿ ಇವೆ. ‘ಗುಣಮಟ್ಟ’ ಎಂಬ ಒಳ ಆಬ್ಜೆಕ್ಟಿನಲ್ಲಿ ತೇವಾಂಶವಿದೆ. ಇವುಗಳಲ್ಲಿ ಯಾವುದು ಬದಲಾದರೂ ಪರದೆಯ ಮೇಲಿನ ಮೊತ್ತ, ಮುದ್ರಿಸುವ ಪಟ್ಟಿ, ಸರ್ವರಿನ ದಾಖಲೆ ಮೂರೂ ಬದಲಾಗಬೇಕು. ಮೌಲ್ಯಗಳನ್ನು ಒಂದರ ಹಿಂದೆ ಒಂದರಂತೆ ಸ್ಟ್ರೀಮ್ ಆಗಿ ಹರಿಸುವ ಆರ್‌ಎಕ್ಸ್‌ಜೆಎಸ್ ಲೈಬ್ರರಿಯ ಬಿಹೇವಿಯರ್‌ಸಬ್ಜೆಕ್ಟ್ (ಇತ್ತೀಚಿನ ಮೌಲ್ಯವನ್ನು ಇಟ್ಟುಕೊಂಡು ಕೇಳುವವರಿಗೆಲ್ಲ ಕಳುಹಿಸುವಂಥದ್ದು) ಇಟ್ಟುಕೊಂಡು, ಲಾಟನ್ನು ತಿದ್ದಿದಲ್ಲೆಲ್ಲ ‘ನೆಕ್ಸ್ಟ್’ ಮೂಲಕ ಅದನ್ನೇ ಮತ್ತೆ ಕಳುಹಿಸುತ್ತಿದ್ದೆ. ಸರ್ವರಿಗೆ ಅನಗತ್ಯ ಕರೆಗಳು ಹೋಗದಿರಲೆಂದು ಅದೇ ಮೌಲ್ಯ ಮತ್ತೆ ಬಂದರೆ ತಡೆಯುವ ‘ಡಿಸ್ಟಿಂಕ್ಟ್‌ಅಂಟಿಲ್‌ಚೇಂಜ್ಡ್’ ಎಂಬ ಆಪರೇಟರ್ ಸೇರಿಸಿದ ಮೇಲೆ ಏನೂ ಬದಲಾಗುತ್ತಿಲ್ಲ. ಕೆಲವು ಕಡೆ ನೆಕ್ಸ್ಟ್ ಕರೆಯುವುದೇ ಮರೆತುಹೋಗಿದೆ. ತಾನು ಬದಲಾದೆ ಎಂದು ಆಬ್ಜೆಕ್ಟೇ ತಿಳಿಸುವಂತೆ ಮಾಡಬಹುದೇ? ಆಬ್ಜೆಕ್ಟ್.ಅಬ್ಸರ್ವ್ ಎಂಬುದರ ಬಗ್ಗೆ ಓದಿದೆ. ಅದು ಯಾವ ಬ್ರೌಸರಿನಲ್ಲೂ ನಡೆಯುತ್ತಿಲ್ಲ. ಆಬ್ಜೆಕ್ಟಿನ ಓದು-ಬರಹಗಳನ್ನು ನಡುವೆ ನಿಂತು ಹಿಡಿಯುವ ಪ್ರಾಕ್ಸಿಯನ್ನು ಬಳಸಬೇಕೇ?

ಉತ್ತರ: ನೀವು ಎರಡು ತೊಂದರೆಗಳನ್ನು ಹೇಳಿದ್ದೀರಿ. ಒಂದು, ಬದಲಾವಣೆ ಆಗಿದ್ದರೂ ಸ್ಟ್ರೀಮ್ ಅದನ್ನು ಮುಂದಕ್ಕೆ ಬಿಡುತ್ತಿಲ್ಲ. ಇನ್ನೊಂದು, ಬದಲಾವಣೆ ಆಗಿದ್ದರೂ ಕೆಲವೊಮ್ಮೆ ಸ್ಟ್ರೀಮಿಗೆ ಅದು ತಿಳಿಯುತ್ತಲೇ ಇಲ್ಲ. ಇವೆರಡೂ ಬೇರೆ ಬೇರೆಯಾಗಿ ಕಂಡರೂ ಮೂಲ ಒಂದೇ: ನೀವು ಲಾಟಿನ ಆಬ್ಜೆಕ್ಟನ್ನು ಅದು ಇದ್ದ ಜಾಗದಲ್ಲಿಯೇ, ಪುಟದ ಹಲವು ಕಡೆಗಳಿಂದ ತಿದ್ದುತ್ತಿದ್ದೀರಿ. ಆದ್ದರಿಂದ ‘ಆಬ್ಜೆಕ್ಟನ್ನು ಹೇಗೆ ಕಾಯುವುದು’ ಎಂಬ ಪ್ರಶ್ನೆಗಿಂತ ಮೊದಲು ‘ಬದಲಾವಣೆ ಯಾವ ದಾರಿಯಿಂದ ಬರಬೇಕು’ ಎಂಬುದನ್ನು ತೀರ್ಮಾನಿಸಬೇಕೆಂದು ನನ್ನ ಅಭಿಪ್ರಾಯ. ಪ್ರಾಕ್ಸಿಯ ಬಗ್ಗೆಯೂ ವಿವರವಾಗಿ ಹೇಳುತ್ತೇನೆ, ಆದರೆ ಅದಕ್ಕೂ ಮುಂಚೆ ನಿಮ್ಮ ಪುಟ ಏಕೆ ನಿಂತುಹೋಯಿತು ಎಂಬುದು ಸ್ಪಷ್ಟವಾಗಲಿ.

ಡಿಸ್ಟಿಂಕ್ಟ್‌ಅಂಟಿಲ್‌ಚೇಂಜ್ಡ್ ತನ್ನ ಮೂಲಕ ಹಿಂದಿನ ಸಲ ಹಾದುಹೋದ ಮೌಲ್ಯವನ್ನು ನೆನಪಿಟ್ಟುಕೊಂಡು, ಹೊಸದಾಗಿ ಬಂದದ್ದು ಅದಕ್ಕೆ ಸಮವಾಗಿದ್ದರೆ ತಡೆಹಿಡಿಯುತ್ತದೆ. ಬೇರೇನನ್ನೂ ಹೇಳದಿದ್ದಾಗ ಅದು ಬಳಸುವ ಹೋಲಿಕೆ ಜಾವಾಸ್ಕ್ರಿಪ್ಟಿನ ಮೂರು ಸಮಚಿಹ್ನೆಗಳ ಹೋಲಿಕೆ. ಸಂಖ್ಯೆ ಅಥವಾ ಅಕ್ಷರಗಳ ವಿಷಯದಲ್ಲಿ ಅದು ಮೌಲ್ಯವನ್ನೇ ಹೋಲಿಸುತ್ತದೆ. ಆಬ್ಜೆಕ್ಟಿನ ವಿಷಯದಲ್ಲಾದರೆ ಎರಡೂ ಕಡೆ ಇರುವುದು ಒಂದೇ ಆಬ್ಜೆಕ್ಟೇ ಎಂಬುದನ್ನು, ಅಂದರೆ ರೆಫರೆನ್ಸನ್ನು ಮಾತ್ರ ನೋಡುತ್ತದೆ. ನೀವು ತೂಕವನ್ನು 40 ಕ್ವಿಂಟಲ್‌ನಿಂದ 42ಕ್ಕೆ ತಿದ್ದಿ ಅದೇ ಆಬ್ಜೆಕ್ಟನ್ನು ಕಳುಹಿಸಿದಾಗ, ಆಪರೇಟರ್ ನೆನಪಿಟ್ಟುಕೊಂಡಿದ್ದದ್ದೂ ಅದೇ ಆಬ್ಜೆಕ್ಟ್, ಹೊಸದಾಗಿ ಬಂದದ್ದೂ ಅದೇ. ಪುಟ ತೆರೆದಾಗ ಮೊದಲ ಮೌಲ್ಯ ಸರಿಯಾಗಿ ಕಾಣಿಸಿ, ಅನಂತರ ಎಲ್ಲವೂ ನಿಂತಿರಬೇಕು. ಏಕೆಂದರೆ ಮೊದಲನೆಯದನ್ನು ಹೋಲಿಸಲು ಹಿಂದಿನದು ಯಾವುದೂ ಇರುವುದಿಲ್ಲ, ಮುಂದಿನವೆಲ್ಲವೂ ‘ಹಿಂದಿನದೇ’ ಆಗಿಬಿಡುತ್ತವೆ.

ಇಲ್ಲಿ ಹಲವರು ಮಾಡುವ ಮುಂದಿನ ಪ್ರಯತ್ನವೆಂದರೆ, ಹೋಲಿಸುವ ಫಂಕ್ಷನ್ನನ್ನು ತಾವೇ ಬರೆದು, ಹಳೆಯ ಲಾಟಿನ ತೂಕವನ್ನೂ ಹೊಸ ಲಾಟಿನ ತೂಕವನ್ನೂ ಹೋಲಿಸುವುದು, ಅಥವಾ ಎರಡನ್ನೂ ಜೇಸನ್ ಪಠ್ಯಕ್ಕೆ ತಿರುಗಿಸಿ ಹೋಲಿಸುವುದು. ಅದೂ ಫಲಿಸುವುದಿಲ್ಲ, ಮತ್ತು ಏಕೆ ಫಲಿಸುವುದಿಲ್ಲ ಎಂಬುದನ್ನು ಗಮನವಿಟ್ಟು ನೋಡಬೇಕು: ಆ ಫಂಕ್ಷನ್ನಿಗೆ ‘ಹಳೆಯದು’, ‘ಹೊಸದು’ ಎಂದು ಸಿಗುವ ಎರಡೂ ಒಂದೇ ಆಬ್ಜೆಕ್ಟ್ ಆಗಿರುವುದರಿಂದ, ಎಷ್ಟೇ ಆಳವಾಗಿ ಹೋಲಿಸಿದರೂ 42ನ್ನು 42ರೊಡನೆಯೇ ಹೋಲಿಸಿದಂತಾಗುತ್ತದೆ. 40 ಎಂಬ ಅಂಕಿ ಯಾವ ನೆನಪಿನಲ್ಲೂ ಉಳಿದಿಲ್ಲ. ತಿದ್ದಿದ ಕ್ಷಣದಲ್ಲೇ ಅದು ಅಳಿದುಹೋಗಿದೆ. ಒಂದು ಪ್ರಾಪರ್ಟಿಯನ್ನಷ್ಟೇ ಹೋಲಿಸುವ ಡಿಸ್ಟಿಂಕ್ಟ್‌ಅಂಟಿಲ್‌ಕೀಚೇಂಜ್ಡ್ ಸಹ ಇದೇ ಕಾರಣಕ್ಕೆ ಸೋಲುತ್ತದೆ. ಹಿಂದಿನದನ್ನೂ ಈಗಿನದನ್ನೂ ಜೋಡಿಯಾಗಿ ಕೊಡುವ ‘ಪೇರ್‌ವೈಸ್’ ಒಂದೇ ಆಬ್ಜೆಕ್ಟನ್ನು ಎರಡು ಸಲ ಕೊಡುತ್ತದೆ. ಮೊದಲು ‘ಮ್ಯಾಪ್’ ಮೂಲಕ ತೂಕವನ್ನಷ್ಟೇ ಸಂಖ್ಯೆಯಾಗಿ ಹೊರತೆಗೆದು ಆಮೇಲೆ ಡಿಸ್ಟಿಂಕ್ಟ್ ಹಾಕಿದರೆ ಕೆಲಸ ನಡೆಯುತ್ತದೆ, ಏಕೆಂದರೆ ಆಗ ನೆನಪಿನಲ್ಲಿರುವುದು ಸಂಖ್ಯೆ, ಮತ್ತು ಸಂಖ್ಯೆಯನ್ನು ಯಾರೂ ಇದ್ದಲ್ಲಿಯೇ ತಿದ್ದಲಾರರು. ಇಂದೇ ಮಂಡಿಯಲ್ಲಿ ಪುಟ ಓಡಬೇಕಾದರೆ ಸದ್ಯಕ್ಕೆ ಹಾಗೆ ಮಾಡಬಹುದು. ಆದರೆ ನೆಕ್ಸ್ಟ್ ಕರೆಯಲು ಮರೆಯುವ ತೊಂದರೆ ಹಾಗೆಯೇ ಉಳಿಯುತ್ತದೆ.

ಈಗ ಆಬ್ಜೆಕ್ಟ್.ಅಬ್ಸರ್ವ್ ವಿಷಯ. ಅದು ನಿಜಕ್ಕೂ ಇತ್ತು. 2014ರಲ್ಲಿ ಕ್ರೋಮ್ 36ನೇ ಆವೃತ್ತಿಯಲ್ಲಿ ಬಂತು. ಒಂದು ಆಬ್ಜೆಕ್ಟಿಗೆ ಪ್ರಾಪರ್ಟಿ ಸೇರಿದರೆ, ಬದಲಾದರೆ, ಅಳಿದರೆ, ನಡೆಯುತ್ತಿರುವ ಕೋಡ್ ಮುಗಿದ ಕೂಡಲೇ ಆ ಬದಲಾವಣೆಗಳ ಪಟ್ಟಿಯನ್ನು ಹಳೆಯ ಮೌಲ್ಯಗಳ ಸಮೇತ ನಿಮ್ಮ ಫಂಕ್ಷನ್ನಿಗೆ ತಲುಪಿಸುತ್ತಿತ್ತು. ಜಾವಾಸ್ಕ್ರಿಪ್ಟಿನ ಮಾನಕಕ್ಕೆ ಸೇರಬೇಕಿದ್ದ ಆ ಪ್ರಸ್ತಾಪವನ್ನು 2015ರ ನವೆಂಬರಿನಲ್ಲಿ ಅದನ್ನು ಮುಂದಿಟ್ಟವರೇ ಹಿಂದಕ್ಕೆ ಪಡೆದರು. 2016ರಲ್ಲಿ ಕ್ರೋಮ್ 50ರಿಂದ ಅದನ್ನು ತೆಗೆದುಹಾಕಲಾಯಿತು. ಆ ವೇಳೆಗೆ ರಿಯಾಕ್ಟ್ ಮುಂತಾದ ಲೈಬ್ರರಿಗಳು ಬೇರೊಂದು ದಾರಿಯನ್ನು ತೋರಿಸಿದ್ದವು. ಹಳೆಯ ಪಾಠಗಳಲ್ಲಿ ಅದು ಇನ್ನೂ ಕಾಣಿಸುತ್ತಿರುವುದರಿಂದ ನಿಮ್ಮಂತೆ ಅನೇಕರು ಅದನ್ನು ಹುಡುಕುತ್ತಾರೆ. ಅದು ಉಳಿದಿದ್ದರೂ ನಿಮಗೆ ಪೂರ್ತಿ ನೆರವಾಗುತ್ತಿರಲಿಲ್ಲ: ಅದು ಆಬ್ಜೆಕ್ಟಿನ ಮೇಲ್ಪದರವನ್ನಷ್ಟೇ ಗಮನಿಸುತ್ತಿದ್ದುದರಿಂದ ‘ಗುಣಮಟ್ಟ’ದ ಒಳಗಿನ ತೇವಾಂಶ ಬದಲಾದದ್ದು ಅದಕ್ಕೆ ತಿಳಿಯುತ್ತಿರಲಿಲ್ಲ. ಮ್ಯುಟೇಶನ್‌ಅಬ್ಸರ್ವರ್ ಎಂಬ ಹೆಸರು ಕಂಡು ಅದರತ್ತ ಹೋಗಬೇಡಿ. ಅದು ಪುಟದ ಡಾಮ್ ಮರವನ್ನು, ಅಂದರೆ ಪರದೆಯ ಮೇಲಿನ ಅಂಶಗಳ ರಚನೆಯನ್ನು ಗಮನಿಸುತ್ತದೆಯೇ ಹೊರತು ನಿಮ್ಮ ಆಬ್ಜೆಕ್ಟುಗಳನ್ನಲ್ಲ.

ನಿಮ್ಮ ಪುಟಕ್ಕೆ ನಾನು ಸೂಚಿಸುವ ದಾರಿ ಇದು: ಲಾಟನ್ನು ತಿದ್ದುವುದನ್ನು ನಿಲ್ಲಿಸಿ, ತಿದ್ದುಪಡಿಯೊಡನೆ ಹೊಸ ಲಾಟನ್ನು ಮಾಡಿ ಹಳೆಯದರ ಜಾಗದಲ್ಲಿಡಿ. ಮಂಡಿಯ ಗುಮಾಸ್ತರು ಕಿರ್ದಿಯಲ್ಲಿ ಹಳೆಯ ಅಂಕಿಯನ್ನು ಅಳಿಸಿ ಅದರ ಮೇಲೆಯೇ ಬರೆಯದೆ, ತಿದ್ದುಪಡಿಯನ್ನು ಬೇರೆ ಸಾಲಿನಲ್ಲಿ ನಮೂದಿಸುವ ಕ್ರಮವನ್ನು ನೀವು ನೋಡಿರುತ್ತೀರಿ. ಹಳೆಯದೂ ಹೊಸದೂ ಎರಡೂ ಉಳಿದಾಗ ಮಾತ್ರ ಏನು ಬದಲಾಯಿತೆಂದು ಹೇಳಲು ಸಾಧ್ಯ. ಕೋಡಿನಲ್ಲಿ ಇದನ್ನು ಹೀಗೆ ಮಾಡಿ. ಒಂದು ಮಾಡ್ಯೂಲಿನ ಒಳಗೆ ಬಿಹೇವಿಯರ್‌ಸಬ್ಜೆಕ್ಟ್ ಇರಲಿ, ಅದರಲ್ಲಿ ದಿನದ ಎಲ್ಲ ಲಾಟುಗಳ ಪಟ್ಟಿ ಇರಲಿ. ಆ ಸಬ್ಜೆಕ್ಟನ್ನು ಮಾಡ್ಯೂಲಿನ ಹೊರಗೆ ಕೊಡಬೇಡಿ. ‘ಆಸ್‌ಅಬ್ಸರ್ವಬಲ್’ ಕೊಡುವ ಓದಲಷ್ಟೇ ಬರುವ ಸ್ಟ್ರೀಮನ್ನು ಮಾತ್ರ ಕೊಡಿ. ಜೊತೆಗೆ ‘ಲಾಟ್ ಬದಲಿಸು’ ಎಂಬ ಒಂದೇ ಒಂದು ಫಂಕ್ಷನ್ ಹೊರಗೆ ಸಿಗಲಿ. ಅದು ಲಾಟಿನ ಸಂಖ್ಯೆಯನ್ನೂ ತಿದ್ದುಪಡಿಯನ್ನೂ ಪಡೆದು, ಸದ್ಯದ ಪಟ್ಟಿಯಿಂದ ಹೊಸ ಪಟ್ಟಿಯನ್ನು ಕಟ್ಟುತ್ತದೆ: ಬೇರೆ ಲಾಟುಗಳನ್ನು ಹಾಗೆಯೇ ಹೊಸ ಪಟ್ಟಿಗೆ ಸೇರಿಸುತ್ತದೆ, ಈ ಲಾಟನ್ನು ಮಾತ್ರ ಮೂರು ಚುಕ್ಕಿಗಳ ಸ್ಪ್ರೆಡ್ ಬರಹದಿಂದ ನಕಲಿಸಿ ತಿದ್ದುಪಡಿಯನ್ನು ಅದರ ಮೇಲೆ ಹೊದಿಸುತ್ತದೆ, ಕೊನೆಗೆ ನೆಕ್ಸ್ಟ್ ಕರೆಯುತ್ತದೆ. ಇಡೀ ಪುಟದಲ್ಲಿ ನೆಕ್ಸ್ಟ್ ಎಂಬುದು ಇರುವುದು ಇಲ್ಲಿ ಮಾತ್ರ. ಸಬ್ಜೆಕ್ಟ್ ಬೇರೆಯವರ ಕೈಗೇ ಸಿಗದಿರುವುದರಿಂದ ಮರೆಯುವ ಅವಕಾಶವೂ ಇರುವುದಿಲ್ಲ.

ಒಳ ಆಬ್ಜೆಕ್ಟಿನ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಸ್ಪ್ರೆಡ್ ನಕಲು ಮೇಲ್ಪದರದ್ದು ಮಾತ್ರ. ಹೊಸ ಲಾಟಿನ ‘ಗುಣಮಟ್ಟ’ ಹಳೆಯ ಲಾಟಿನ ‘ಗುಣಮಟ್ಟ’ವೇ ಆಗಿರುತ್ತದೆ. ತೇವಾಂಶವನ್ನು ಬದಲಿಸಬೇಕಾದರೆ ‘ಗುಣಮಟ್ಟ’ವನ್ನೂ ನಕಲಿಸಿ, ಅದರಲ್ಲಿ ತೇವಾಂಶವನ್ನಿಟ್ಟು, ಆ ಹೊಸ ‘ಗುಣಮಟ್ಟ’ವನ್ನು ಹೊಸ ಲಾಟಿಗೆ ಹಾಕಬೇಕು. ಬದಲಾದ ಎಲೆಯಿಂದ ಬೇರಿನವರೆಗಿನ ದಾರಿಯಲ್ಲಿರುವ ಆಬ್ಜೆಕ್ಟುಗಳಷ್ಟೇ ಹೊಸವಾಗುತ್ತವೆ, ಉಳಿದವು ಹಳೆಯವೇ ಆಗಿ ಉಳಿಯುತ್ತವೆ. ಇದರ ಲಾಭ ದೊಡ್ಡದು: ಎರಡು ಲಾಟುಗಳ ರೆಫರೆನ್ಸ್ ಒಂದೇ ಆಗಿದ್ದರೆ ಅವುಗಳ ಒಳಗಿನ ಯಾವುದೂ ಬದಲಾಗಿಲ್ಲವೆಂದು ಒಂದೇ ಹೋಲಿಕೆಯಿಂದ ಗೊತ್ತಾಗುತ್ತದೆ. ನಿಮ್ಮನ್ನು ಸಿಕ್ಕಿಸಿದ ಅದೇ ಡಿಸ್ಟಿಂಕ್ಟ್‌ಅಂಟಿಲ್‌ಚೇಂಜ್ಡ್ ಈಗ ಯಾವ ಹೆಚ್ಚುವರಿ ಫಂಕ್ಷನ್ನೂ ಇಲ್ಲದೆ ಸರಿಯಾದ ಉತ್ತರ ಕೊಡುತ್ತದೆ. ಹತ್ತು ಪ್ರಾಪರ್ಟಿಗಳ ಆಬ್ಜೆಕ್ಟನ್ನು ನಕಲಿಸುವ ಖರ್ಚಿಗೆ ಹೆದರಬೇಕಾಗಿಲ್ಲ. ಕೊಯ್ಲಿನ ಕಾಲದಲ್ಲಿ ಲಾಟಿನ ಹಿಂದೆ ಲಾಟು ಬರುವ ದಿನವೂ ಒಬ್ಬ ಗುಮಾಸ್ತರ ಟೈಪಿಂಗ್ ವೇಗವನ್ನು ಈ ನಕಲು ಎಂದೂ ತಡೆಯಲಾರದು. ಆಳವಾದ ನಕಲುಗಳನ್ನು ಕೈಯಿಂದ ಬರೆಯುವುದು ಬೇಸರವೆನಿಸಿದರೆ ಇಮ್ಮರ್ ಎಂಬ ಲೈಬ್ರರಿ ಇದೆ. ನೀವು ಎಂದಿನಂತೆ ನೇರವಾಗಿ ಮೌಲ್ಯ ನೀಡಿದಂತೆ ಬರೆದರೂ ಅದು ಒಳಗೆ ಪ್ರಾಕ್ಸಿಯನ್ನು ಬಳಸಿ ಹೊಸ ಆಬ್ಜೆಕ್ಟನ್ನೇ ಕಟ್ಟಿಕೊಡುತ್ತದೆ.

ಎಲ್ಲ ತಿದ್ದುಪಡಿಗಳೂ ಹಾದುಬರುವ ಈ ಒಂದೇ ಬಾಗಿಲಿನಲ್ಲಿ, ಅಂದರೆ ‘ಲಾಟ್ ಬದಲಿಸು’ ಫಂಕ್ಷನ್ನಿನಲ್ಲಿ, ಇನ್ನೊಂದು ಕೆಲಸವನ್ನೂ ಮಾಡಿಬಿಡಿ. ಫಾರ್ಮಿನ ಇನ್‌ಪುಟ್ ಪೆಟ್ಟಿಗೆಗಳಿಂದ ಬರುವ ಮೌಲ್ಯ ಸಂಖ್ಯೆಯಲ್ಲ, ಅಕ್ಷರಗಳ ಸಾಲು. ಗುಣಾಕಾರದಲ್ಲಿ ಜಾವಾಸ್ಕ್ರಿಪ್ಟ್ ಅದನ್ನು ತಾನೇ ಸಂಖ್ಯೆಯಾಗಿಸಿಕೊಳ್ಳುವುದರಿಂದ ಮೊತ್ತ ಸರಿಯಾಗಿಯೇ ಬರುತ್ತದೆ. ದಿನದ ಒಟ್ಟು ತೂಕವನ್ನು ಕೂಡಿಸುವಾಗ ಮಾತ್ರ 40ಕ್ಕೆ 42 ಸೇರಿ 4042 ಆಗುತ್ತದೆ. ಸಂಖ್ಯೆಗೆ ತಿರುಗಿಸುವುದು, ಖಾಲಿ ಪೆಟ್ಟಿಗೆಯನ್ನು ಏನೆಂದು ತಿಳಿಯಬೇಕೆಂಬ ತೀರ್ಮಾನ, ಮೌಲ್ಯ ನಿಜವಾಗಿ ಬದಲಾಗಿಲ್ಲದಿದ್ದರೆ ಹಳೆಯ ಪಟ್ಟಿಯನ್ನೇ ಉಳಿಸುವುದು ಎಲ್ಲವೂ ಅಲ್ಲಿಯೇ ಇರಲಿ.

ಇನ್ನು ಪ್ರಾಕ್ಸಿ. ನೀವು ನೇರವಾಗಿ ಕೇಳಿದ್ದೀರಿ, ಮತ್ತು ಅದು ಕೆಟ್ಟ ದಾರಿಯೇನಲ್ಲ. ವ್ಯೂ ಫ್ರೇಮ್‌ವರ್ಕ್ ಮತ್ತು ಮಾಬ್‌ಎಕ್ಸ್ ಲೈಬ್ರರಿ ನಿಂತಿರುವುದು ಅದರ ಮೇಲೆಯೇ. ಆದರೆ ಅದನ್ನು ಕೈಯಿಂದ ಸರಿಯಾಗಿ ಬರೆಯುವುದು ಮೊದಲ ನೋಟಕ್ಕೆ ಕಾಣುವುದಕ್ಕಿಂತ ಬಹಳ ಕಷ್ಟ.

ಪ್ರಾಕ್ಸಿ ಬರುವ ಮುಂಚೆ ಇದ್ದ ಉಪಾಯವೆಂದರೆ ಜಾವಾಸ್ಕ್ರಿಪ್ಟ್ ಮಾನಕದ 2009ರ ಆವೃತ್ತಿಯಾದ ಇಎಸ್5ರಲ್ಲಿ ಬಂದ ಆಬ್ಜೆಕ್ಟ್.ಡಿಫೈನ್‌ಪ್ರಾಪರ್ಟಿ. ಪ್ರತಿ ಪ್ರಾಪರ್ಟಿಯನ್ನೂ ಗೆಟರ್-ಸೆಟರ್ ಜೋಡಿಯಾಗಿ ಬದಲಿಸಿ, ಓದಿದಾಗ ಯಾರು ಓದಿದರೆಂದು ಬರೆದುಕೊಂಡು, ಬರೆದಾಗ ಅವರಿಗೆ ತಿಳಿಸುವುದು. ವ್ಯೂ 2 ಹೀಗೆ ಕೆಲಸ ಮಾಡುತ್ತಿತ್ತು. ಗೆಟರ್-ಸೆಟರ್ ಹಾಕುವ ಹೊತ್ತಿಗೆ ಇದ್ದ ಪ್ರಾಪರ್ಟಿಗಳು ಮಾತ್ರ ಅದರ ಕಣ್ಣಿಗೆ ಬೀಳುತ್ತಿದ್ದವು. ನಾಳೆ ನಿಮ್ಮ ಪುಟವನ್ನು ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರು ಕೇಳಿದರೆಂದು ಭಾವಿಸಿ. ಅಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಬಗೆಬಗೆಯ ತೂಕ-ದರಗಳು ಒಂದೊಂದು ಲಾಟಿನಲ್ಲಿ ಒಂದೊಂದು ರೀತಿ ಇರುತ್ತವೆ, ಅಂದರೆ ಪ್ರಾಪರ್ಟಿಗಳು ಪುಟ ತೆರೆದ ಮೇಲೆ ಸೇರುತ್ತವೆ. ಅಂಥ ಸೇರ್ಪಡೆಯಾಗಲೀ, ಅರೇಯ ಒಂದು ಸ್ಥಾನಕ್ಕೆ ನೇರವಾಗಿ ಬರೆದದ್ದಾಗಲೀ ವ್ಯೂ 2ಕ್ಕೆ ತಿಳಿಯುತ್ತಿರಲಿಲ್ಲ, ಅದಕ್ಕಾಗಿ ‘ವ್ಯೂ.ಸೆಟ್’ ಎಂಬ ಪ್ರತ್ಯೇಕ ಫಂಕ್ಷನ್ ಕರೆಯಬೇಕಿತ್ತು. 2015ರ ಮಾನಕದಲ್ಲಿ ಬಂದ ಪ್ರಾಕ್ಸಿ ಈ ಕೊರತೆಯನ್ನು ನೀಗಿಸಿತು, ಏಕೆಂದರೆ ಅದು ಒಂದೊಂದು ಪ್ರಾಪರ್ಟಿಯನ್ನಲ್ಲ, ಆಬ್ಜೆಕ್ಟಿನ ಮೇಲೆ ನಡೆಯುವ ಕ್ರಿಯೆಗಳನ್ನೇ ಹಿಡಿಯುತ್ತದೆ. 2020ರ ಸೆಪ್ಟೆಂಬರಿನಲ್ಲಿ ಬಂದ ವ್ಯೂ 3 ಪ್ರಾಕ್ಸಿಗೆ ಬದಲಾಯಿತು, ಅದರೊಂದಿಗೆ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ರ ಬೆಂಬಲವನ್ನು ಕೈಬಿಟ್ಟಿತು. ಪ್ರಾಕ್ಸಿ ಇಲ್ಲದ ಬ್ರೌಸರಿನಲ್ಲಿ ಅದನ್ನು ಪೂರ್ತಿಯಾಗಿ ಅನುಕರಿಸುವುದು ಸಾಧ್ಯವಿಲ್ಲ.

ಒಂದೊಂದು ಕ್ರಿಯೆಯನ್ನು ಹಿಡಿಯಲು ಪ್ರಾಕ್ಸಿಗೆ ಕೊಡುವ ಫಂಕ್ಷನ್ನಿಗೆ ಬಲೆ (ಟ್ರ್ಯಾಪ್) ಎನ್ನುತ್ತಾರೆ. ಸರಳ ಪ್ರಾಕ್ಸಿಯಲ್ಲಿ ಬರಹವನ್ನು ಹಿಡಿಯುವ ‘ಸೆಟ್’ ಬಲೆಯಲ್ಲಿ ನೀವು ಮಾಡಬೇಕಾದದ್ದು ಇಷ್ಟು: ಹಳೆಯ ಮೌಲ್ಯವನ್ನು ಮೊದಲು ಓದಿಟ್ಟುಕೊಳ್ಳಿ, ರಿಫ್ಲೆಕ್ಟ್.ಸೆಟ್ ಮೂಲಕ ಹೊಸದನ್ನು ಬರೆಯಿರಿ, ಆಬ್ಜೆಕ್ಟ್.ಈಸ್ ಮೂಲಕ ಎರಡನ್ನೂ ಹೋಲಿಸಿ, ಬೇರೆಯಾಗಿದ್ದರೆ ಮಾತ್ರ ಸಬ್ಜೆಕ್ಟಿಗೆ ಪ್ರಾಪರ್ಟಿಯ ಹೆಸರು, ಹಳೆಯದು, ಹೊಸದು ಮೂರನ್ನೂ ಕಳುಹಿಸಿ, ರಿಫ್ಲೆಕ್ಟ್.ಸೆಟ್ ಕೊಟ್ಟ ಉತ್ತರವನ್ನೇ ಹಿಂದಿರುಗಿಸಿ. ಏನನ್ನೂ ಹಿಂದಿರುಗಿಸದಿದ್ದರೆ, ತಪ್ಪುಗಳನ್ನು ಬಿಗಿಯಾಗಿ ಹಿಡಿಯುವ ಸ್ಟ್ರಿಕ್ಟ್ ಮೋಡಿನಲ್ಲಿ ಟೈಪ್‌ಎರರ್ ಬರುತ್ತದೆ. ರಿಫ್ಲೆಕ್ಟಿಗೆ ರಿಸೀವರನ್ನು, ಅಂದರೆ ಬಲೆಗೆ ಕೊನೆಯದಾಗಿ ಸಿಗುವ ಪ್ರಾಕ್ಸಿಯನ್ನು, ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಲಾಟಿನಲ್ಲಿರುವ ಗೆಟರ್-ಸೆಟರ್‌ಗಳ ಒಳಗಿನ ‘ದಿಸ್’ ಪ್ರಾಕ್ಸಿಯಾಗಿರದೆ ಮೂಲ ಆಬ್ಜೆಕ್ಟ್ ಆಗಿರುತ್ತದೆ, ಅವುಗಳ ಮೂಲಕ ನಡೆದ ಓದು-ಬರಹ ನಿಮ್ಮ ಗಮನಕ್ಕೆ ಬರುವುದಿಲ್ಲ. ‘ಡಿಲೀಟ್‌ಪ್ರಾಪರ್ಟಿ’ ಬಲೆ ಬೇರೆ ಇದೆ, ಅದನ್ನೂ ಬರೆಯಬೇಕು.

ಪ್ರಾಕ್ಸಿಯೂ ತಾನಾಗಿ ಆಳಕ್ಕೆ ಇಳಿಯುವುದಿಲ್ಲ. ಲಾಟಿನ ಗುಣಮಟ್ಟದ ತೇವಾಂಶಕ್ಕೆ ಬರೆದಾಗ, ಲಾಟಿನ ಮೇಲೆ ನಡೆದದ್ದು ‘ಗುಣಮಟ್ಟ’ವನ್ನು ಓದಿದ್ದು ಮಾತ್ರ; ಬರಹ ನಡೆದದ್ದು ಇನ್ನೊಂದು ಆಬ್ಜೆಕ್ಟಿನ ಮೇಲೆ. ಆದ್ದರಿಂದ ‘ಗೆಟ್’ ಬಲೆಯಲ್ಲಿ ಓದಿದ ಮೌಲ್ಯ ಆಬ್ಜೆಕ್ಟ್ ಆಗಿದ್ದರೆ ಅದಕ್ಕೂ ಪ್ರಾಕ್ಸಿ ಸುತ್ತಿ ಕೊಡಬೇಕು. ಪ್ರತಿ ಸಲ ಹೊಸ ಪ್ರಾಕ್ಸಿ ಮಾಡಿದರೆ, ಒಂದೇ ‘ಗುಣಮಟ್ಟ’ವನ್ನು ಎರಡು ಸಲ ಓದಿ ಹೋಲಿಸಿದಾಗ ಅವು ಬೇರೆ ಬೇರೆ ಎಂದು ಬರುತ್ತದೆ, ಹಾಗಾಗಿ ಮೂಲ ಆಬ್ಜೆಕ್ಟಿನಿಂದ ಪ್ರಾಕ್ಸಿಗೆ ದಾರಿ ತೋರುವ ವೀಕ್‌ಮ್ಯಾಪ್ ಒಂದನ್ನು ಇಟ್ಟುಕೊಳ್ಳಬೇಕು. ಸಾಮಾನ್ಯ ಮ್ಯಾಪ್ ಆದರೆ ದಿನ ಮುಗಿದ ಲಾಟುಗಳನ್ನೂ ಅದು ಹಿಡಿದುಕೊಂಡಿರುತ್ತದೆ, ಮೆಮರಿ ಬಿಡುಗಡೆಯಾಗುವುದಿಲ್ಲ.

ಅರೇಯ ವಿಷಯ ಇನ್ನೂ ಸೂಕ್ಷ್ಮ. ಪ್ರಾಕ್ಸಿಯಾದ ಅರೇಗೆ ‘ಪುಷ್’ ಮಾಡಿದಾಗ ಸೆಟ್ ಬಲೆ ಎರಡು ಸಲ ಕರೆಯಲ್ಪಡುತ್ತದೆ: ಮೊದಲು ಹೊಸ ಸ್ಥಾನಕ್ಕೆ, ಅನಂತರ ‘ಲೆಂತ್’ಗೆ. ಮೊದಲ ಬರಹದಲ್ಲಿಯೇ ಮೂಲ ಅರೇಯ ಲೆಂತ್ ತಾನಾಗಿ ಹೆಚ್ಚಿರುತ್ತದೆ. ಎರಡನೆಯ ಕರೆಯಲ್ಲಿ ಹಳೆಯ ಲೆಂತ್ ಓದಿದರೆ ಅದಾಗಲೇ ಹೊಸದಾಗಿರುವುದರಿಂದ ನಿಮ್ಮ ಹೋಲಿಕೆ ‘ಬದಲಾವಣೆ ಇಲ್ಲ’ ಎನ್ನುತ್ತದೆ. ‘ಇಂದು ಬಂದ ಲಾಟುಗಳು’ ಎಂಬ ಎಣಿಕೆಯನ್ನು ಲೆಂತ್ ನೋಡಿಕೊಂಡು ತೋರಿಸುತ್ತಿದ್ದರೆ ಅದು ಅಲ್ಲಿಯೇ ನಿಲ್ಲುತ್ತದೆ. ವ್ಯೂ 3ರಲ್ಲಿ ಅರೇಗೆ ಹೊಸ ಸ್ಥಾನ ಸೇರಿದಾಗ ಲೆಂತ್ ಅನ್ನು ಅವಲಂಬಿಸಿದವರಿಗೂ ತಿಳಿಸುವ ಏರ್ಪಾಡು ಪ್ರತ್ಯೇಕವಾಗಿ ಇರುವುದು ಇದಕ್ಕಾಗಿಯೇ.

ಕೆಲವು ಬಗೆಯ ಆಬ್ಜೆಕ್ಟುಗಳು ಪ್ರಾಕ್ಸಿಯೊಡನೆ ಹೊಂದುವುದೇ ಇಲ್ಲ. ಡೇಟ್ ಆಬ್ಜೆಕ್ಟಿಗೆ ಪ್ರಾಕ್ಸಿ ಸುತ್ತಿ ಅದರ ಮೇಲೆ ‘ಗೆಟ್‌ಟೈಮ್’ ಕರೆದರೆ ಟೈಪ್‌ಎರರ್ ಬರುತ್ತದೆ, ಏಕೆಂದರೆ ದಿನಾಂಕವು ಪ್ರಾಪರ್ಟಿಯಲ್ಲಿಲ್ಲದೆ ಎಂಜಿನ್ ಮಾತ್ರ ಕಾಣಬಲ್ಲ ಒಳಜಾಗದಲ್ಲಿರುತ್ತದೆ, ಪ್ರಾಕ್ಸಿಗೆ ಆ ಒಳಜಾಗವಿಲ್ಲ. ಮ್ಯಾಪ್, ಸೆಟ್ ಎಂಬ ಸಂಗ್ರಹಗಳು ಮತ್ತು ಕ್ಲಾಸಿನ ಪ್ರೈವೇಟ್ ಫೀಲ್ಡುಗಳ ಕಥೆಯೂ ಇದೇ. ನೆಟ್‌ವರ್ಕ್ ಇಲ್ಲದಾಗ ಲಾಟುಗಳನ್ನು ಬ್ರೌಸರಿನ ಒಳಗಿನ ಡೇಟಾಬೇಸ್ ಆದ ಇಂಡೆಕ್ಸ್ಡ್‌ಡಿಬಿಯಲ್ಲಿ ಇಡುವ ಯೋಚನೆ ನಿಮಗಿದ್ದರೆ ಇದನ್ನೂ ಗಮನಿಸಿ: ಪ್ರಾಕ್ಸಿಯನ್ನು ಅಲ್ಲಿಗೆ ನೇರವಾಗಿ ಹಾಕಲು ಬಾರದು, ಡೇಟಾಕ್ಲೋನ್‌ಎರರ್ ಬರುತ್ತದೆ, ಮೂಲ ಆಬ್ಜೆಕ್ಟನ್ನೋ ಅದರ ನಕಲನ್ನೋ ಕೊಡಬೇಕು. ಮೂಲ ಆಬ್ಜೆಕ್ಟ್ ಎಂದಾಗ ನೆನಪಿಡಬೇಕಾದ ಮಾತೆಂದರೆ, ಅದರ ಮೇಲೆ ನೇರವಾಗಿ ಮಾಡಿದ ಬದಲಾವಣೆ ಪ್ರಾಕ್ಸಿಗೆ ಎಂದೂ ತಿಳಿಯುವುದಿಲ್ಲ. ಹೀಗಾಗಿ ಪ್ರಾಕ್ಸಿಯಲ್ಲೂ ಕೊನೆಗೆ ಉಳಿಯುವುದು ಒಂದೇ ಬಾಗಿಲಿನ ಶಿಸ್ತೇ: ಮೂಲವನ್ನು ಫಂಕ್ಷನ್ನಿನ ಒಳಗೆ ಹುಟ್ಟಿಸಿ ಪ್ರಾಕ್ಸಿಯನ್ನು ಮಾತ್ರ ಹೊರಗೆ ಕೊಡಬೇಕು.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ಪುಟವನ್ನು ವ್ಯೂನಂಥ ಫ್ರೇಮ್‌ವರ್ಕಿನಲ್ಲಿ ಬರೆಯುತ್ತಿದ್ದರೆ ಅದರ ‘ರಿಯಾಕ್ಟಿವ್’ ಅನ್ನು ನಿಶ್ಚಿಂತೆಯಿಂದ ಬಳಸಿ. ಮೇಲಿನ ಮೂಲೆಗಳನ್ನೆಲ್ಲ ಅವರು ವರ್ಷಗಟ್ಟಲೆ ಸವೆಸಿ ಸರಿಪಡಿಸಿದ್ದಾರೆ. ಫ್ರೇಮ್‌ವರ್ಕ್ ಇಲ್ಲದೆ ಆರ್‌ಎಕ್ಸ್‌ಜೆಎಸ್ ಒಂದನ್ನೇ ಬಳಸುತ್ತಿದ್ದರೆ ಕೈಯಿಂದ ಪ್ರಾಕ್ಸಿ ಬರೆಯಬೇಡಿ, ಹೊಸ ಆಬ್ಜೆಕ್ಟನ್ನು ಮಾಡಿ ಬದಲಿಸುವ ಕ್ರಮವನ್ನೇ ಹಿಡಿಯಿರಿ.

ಮುಂದಿನದು ಮೊತ್ತದ ಲೆಕ್ಕ. ನೀವು ಕೇಳಿಲ್ಲವಾದರೂ ನಿಮ್ಮ ಪುಟದಲ್ಲಿ ಇದು ತಪ್ಪದೆ ಎದುರಾಗುತ್ತದೆ, ಮತ್ತು ಹಣದ ಲೆಕ್ಕದಲ್ಲಿ ಇದನ್ನು ನಿರ್ಲಕ್ಷಿಸುವಂತಿಲ್ಲ. ತೂಕದಿಂದ ಮೊತ್ತದ ಸ್ಟ್ರೀಮ್ ಒಂದು, ಹಮಾಲಿಯ ಸ್ಟ್ರೀಮ್ ಇನ್ನೊಂದು ಮಾಡಿ, ಯಾವುದು ಬದಲಾದರೂ ಎಲ್ಲದರ ಇತ್ತೀಚಿನ ಮೌಲ್ಯಗಳನ್ನು ಒಟ್ಟಿಗೆ ಕೊಡುವ ‘ಕಂಬೈನ್‌ಲೇಟೆಸ್ಟ್’ ಮೂಲಕ ಎರಡನ್ನೂ ಸೇರಿಸಿ ನಿವ್ವಳವನ್ನು ಕಂಡುಹಿಡಿಯುವುದು ಆರ್‌ಎಕ್ಸ್‌ಜೆಎಸ್ ಕಲಿತವರಿಗೆ ಸಹಜವಾಗಿ ಹೊಳೆಯುವ ರಚನೆ. ಉದಾಹರಣೆಗೆ ದರ ಕ್ವಿಂಟಲ್‌ಗೆ 2,200 ರೂಪಾಯಿ, ಹಮಾಲಿ ಕ್ವಿಂಟಲ್‌ಗೆ 20 ರೂಪಾಯಿ ಎಂದಿಟ್ಟುಕೊಳ್ಳಿ. 40 ಕ್ವಿಂಟಲ್‌ಗೆ ಮೊತ್ತ 88,000, ಹಮಾಲಿ 800, ನಿವ್ವಳ 87,200. ತೂಕ 42 ಆದಾಗ ಮೊತ್ತದ ಸ್ಟ್ರೀಮ್ ಮೊದಲು 92,400 ಎನ್ನುತ್ತದೆ. ಆ ಕ್ಷಣದಲ್ಲಿ ಹಮಾಲಿಯ ಸ್ಟ್ರೀಮ್ ಇನ್ನೂ 800ರಲ್ಲೇ ಇರುವುದರಿಂದ ಕಂಬೈನ್‌ಲೇಟೆಸ್ಟ್ 91,600 ಎಂಬ ಅಂಕಿಯನ್ನು ಹೊರಬಿಡುತ್ತದೆ, ಅದರ ಹಿಂದೆಯೇ ಹಮಾಲಿ 840 ಆಗಿ 91,560 ಬರುತ್ತದೆ. ನಡುವೆ ಬಂದ 91,600 ಯಾವ ತೂಕಕ್ಕೂ ಸೇರದ ಸುಳ್ಳು ಅಂಕಿ. ಪರದೆಯಲ್ಲಿ ಅದು ಕಣ್ಣಿಗೂ ಬೀಳದೆ ಹೋಗಬಹುದು, ಆದರೆ ಸರ್ವರಿಗೆ ಉಳಿಸುವ ಕೊಂಡಿ ಅದೇ ಸ್ಟ್ರೀಮಿಗೆ ಜೋಡಣೆಯಾಗಿದ್ದರೆ ಆ ಸುಳ್ಳು ಅಂಕಿಯೂ ದಾಖಲೆಗೆ ಹೊರಡುತ್ತದೆ. ಇದನ್ನು ಗ್ಲಿಚ್ ಎನ್ನುತ್ತಾರೆ.

ಪರಿಹಾರ ಸುಲಭವಿದೆ. ಲೆಕ್ಕದಿಂದ ಹುಟ್ಟುವ ಅಂಕಿಗಳನ್ನು ಬೇರೆ ಬೇರೆ ಸ್ಟ್ರೀಮುಗಳಾಗಿ ಒಡೆಯದೆ, ಇಡೀ ಲಾಟನ್ನು ಪಡೆದು ಮೊತ್ತ, ಹಮಾಲಿ, ನಿವ್ವಳ ಮೂರನ್ನೂ ಒಟ್ಟಿಗೆ ಕೊಡುವ ಒಂದು ಫಂಕ್ಷನ್ ಬರೆದು, ಒಂದೇ ಮ್ಯಾಪಿನಲ್ಲಿ ಅದನ್ನು ಕರೆಯಿರಿ. ಮೊತ್ತವನ್ನು ಲಾಟಿನ ಒಳಗೆ ಪ್ರಾಪರ್ಟಿಯಾಗಿ ಇಡಲೇಬೇಡಿ. ಇಟ್ಟರೆ ಅದನ್ನೂ ಬದಲಿಸಬೇಕು, ಬದಲಿಸಿದ್ದನ್ನು ಮತ್ತೆ ಗಮನಿಸಬೇಕು, ಹೀಗೆ ಸುತ್ತು ಬೆಳೆಯುತ್ತದೆ. ಸಿಗ್ನಲ್ ಎಂಬ ಹೆಸರಿನಲ್ಲಿ ಈಗ ಹರಡುತ್ತಿರುವ ಕ್ರಮ ಈ ತೊಂದರೆಯನ್ನು ಬುಡದಲ್ಲಿಯೇ ತಪ್ಪಿಸುತ್ತದೆ: ತೂಕ ಬದಲಾದಾಗ ಅದನ್ನು ಅವಲಂಬಿಸಿದ ಲೆಕ್ಕಗಳೆಲ್ಲ ಹಳತಾದವೆಂದು ಗುರುತು ಮಾತ್ರ ಬೀಳುತ್ತದೆ, ಸಾಮಾನ್ಯವಾಗಿ ಯಾರಾದರೂ ಓದಿದಾಗ ಲೆಕ್ಕ ಹೊಸದಾಗಿ ನಡೆಯುತ್ತದೆ. ಫ್ರೇಮ್‌ವರ್ಕುಗಳಲ್ಲಿ ಸಾಲಿಡ್ ಸಿಗ್ನಲ್‌ಗಳನ್ನು ಮೊದಲಿನಿಂದ ಬಳಸುತ್ತಿದೆ, ಆಂಗ್ಯುಲರ್ 2023ರ 16ನೇ ಆವೃತ್ತಿಯಲ್ಲಿ ಸೇರಿಸಿಕೊಂಡಿತು, ಸ್ವೆಲ್ಟ್ 5ರ ರೂನ್‌ಗಳೂ ಇದೇ ತತ್ವದವು. ಇದನ್ನು ಭಾಷೆಗೇ ಸೇರಿಸುವ ಪ್ರಸ್ತಾಪ 2024ರ ಏಪ್ರಿಲ್‌ನಲ್ಲಿ ಜಾವಾಸ್ಕ್ರಿಪ್ಟ್ ಮಾನಕ ಸಮಿತಿಯ ಮೊದಲ ಹಂತವನ್ನು ತಲುಪಿತು.

ಹಾಗಾದರೆ ಆರ್‌ಎಕ್ಸ್‌ಜೆಎಸ್ ಬೇಡವೇ? ಬೇಕು. ಸ್ಥಿತಿಯಿಂದ ಲೆಕ್ಕ ಹುಟ್ಟಿಸುವುದಕ್ಕಿಂತ ಕಾಲದೊಡನೆ ವ್ಯವಹರಿಸುವುದರಲ್ಲಿ ಅದರ ನಿಜವಾದ ಶಕ್ತಿ ಇದೆ, ಮತ್ತು ನಿಮ್ಮ ಸರ್ವರಿಗೆ ಉಳಿಸುವ ಕೆಲಸ ಕಾಲದ್ದೇ. ಗುಮಾಸ್ತರು ಅಂಕಿ ಒತ್ತುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಉಳಿಸಲು ಡಿಬೌನ್ಸ್‌ಟೈಮ್ ಸರಿಯಾದ ಆಪರೇಟರ್. ಆದರೆ ಎಲ್ಲ ಲಾಟುಗಳ ತಿದ್ದುಪಡಿಗಳೂ ಒಂದೇ ಸ್ಟ್ರೀಮಿನಲ್ಲಿ ಬಂದು ಅದರ ಮೇಲೆ, ಉದಾಹರಣೆಗೆ 800 ಮಿಲಿಸೆಕೆಂಡಿನ, ಒಂದೇ ಡಿಬೌನ್ಸ್ ಇದ್ದರೆ, ಆ ಅವಧಿಯೊಳಗೆ ಒಂದು ಲಾಟಿನ ದರವನ್ನೂ ಇನ್ನೊಂದರ ತೂಕವನ್ನೂ ತಿದ್ದಿದಾಗ ಮೊದಲನೆಯದು ಸದ್ದಿಲ್ಲದೆ ಕಳೆದುಹೋಗುತ್ತದೆ. ಡಿಬೌನ್ಸ್ ಕೊನೆಯದನ್ನು ಮಾತ್ರ ಉಳಿಸಿಕೊಳ್ಳುತ್ತದೆ. ‘ಗ್ರೂಪ್‌ಬೈ’ ಮೂಲಕ ಲಾಟಿನ ಸಂಖ್ಯೆಯ ಪ್ರಕಾರ ಸ್ಟ್ರೀಮನ್ನು ಒಡೆದು, ಪ್ರತಿಯೊಂದಕ್ಕೂ ತನ್ನದೇ ಡಿಬೌನ್ಸ್ ಕೊಟ್ಟು, ಎಲ್ಲವನ್ನೂ ‘ಮರ್ಜ್‌ಮ್ಯಾಪ್’ ಮೂಲಕ ಸೇರಿಸಿ.

ಒಂದು ಲಾಟಿನ ಒಳಗೆ ಉಳಿಸುವ ಕರೆಗಳಿಗೆ ‘ಕಾನ್‌ಕ್ಯಾಟ್‌ಮ್ಯಾಪ್’ ಬಳಸಿ, ಹೊಸದು ಬಂದ ಕೂಡಲೇ ಹಳೆಯ ಕರೆಯನ್ನು ಕೈಬಿಡುವ ‘ಸ್ವಿಚ್‌ಮ್ಯಾಪ್’ ಬೇಡ. ಹುಡುಕಾಟಕ್ಕೆ ಸ್ವಿಚ್‌ಮ್ಯಾಪ್ ಬಹಳ ಚೆನ್ನ, ಏಕೆಂದರೆ ಹಳೆಯ ಹುಡುಕಾಟದ ಉತ್ತರ ಯಾರಿಗೂ ಬೇಡ. ಉಳಿಸುವಾಗ ಹಳೆಯ ಕರೆಯನ್ನು ಬ್ರೌಸರ್ ಕೈಬಿಟ್ಟರೂ ಅದು ಸರ್ವರನ್ನು ಆಗಲೇ ತಲುಪಿರಬಹುದು, ಹೊಸದಕ್ಕಿಂತ ತಡವಾಗಿ ಬರೆಯಲ್ಪಟ್ಟು ಹಳೆಯ ದರವನ್ನೇ ದಾಖಲೆಯಲ್ಲಿ ಉಳಿಸಬಹುದು. ಕಾನ್‌ಕ್ಯಾಟ್‌ಮ್ಯಾಪ್ ಒಂದು ಮುಗಿದ ಮೇಲೆಯೇ ಮುಂದಿನದನ್ನು ಕಳುಹಿಸುತ್ತದೆ. ತಪ್ಪನ್ನು ಹಿಡಿಯುವ ‘ಕ್ಯಾಚ್‌ಎರರ್’ ಅನ್ನು ಆ ಕರೆಯ ಒಳ ಸ್ಟ್ರೀಮಿಗೇ ಹಾಕಬೇಕು. ಹೊರಗಿನ ಸ್ಟ್ರೀಮಿಗೆ ಹಾಕಿದರೆ ನೆಟ್‌ವರ್ಕ್ ಒಮ್ಮೆ ತಪ್ಪಿದಾಗ ಮೂಲ ಸ್ಟ್ರೀಮೇ ಮುಗಿದು, ಆ ದಿನವೆಲ್ಲ ಯಾವುದೂ ಉಳಿಯುವುದಿಲ್ಲ, ಪರದೆಯಲ್ಲಿ ಮಾತ್ರ ಎಲ್ಲವೂ ಸರಿಯಾಗಿ ಕಾಣುತ್ತಿರುತ್ತದೆ. ಉಳಿಸಲು ಬಾಕಿ ಇರುವ ಲಾಟಿನ ಮುಂದೆ ಒಂದು ಗುರುತು ತೋರಿಸಿ, ಗುಮಾಸ್ತರಿಗೆ ಅದು ಕಾಣಲೇಬೇಕು. ಪಟ್ಟಿಯ ಮುದ್ರಣದ ಕಿಟಕಿ ಮುಚ್ಚಿದಾಗ ಅದರ ಸಬ್‌ಸ್ಕ್ರಿಪ್ಶನ್ನನ್ನು ರದ್ದು ಮಾಡುವುದನ್ನೂ ಮರೆಯಬೇಡಿ. ಅದಕ್ಕಾಗಿ, ಸೂಚನೆ ಬಂದಾಗ ಸ್ಟ್ರೀಮನ್ನು ನಿಲ್ಲಿಸುವ ‘ಟೇಕ್‌ಅಂಟಿಲ್’ ಬಳಸಿದರೆ ಅದು ಆಪರೇಟರುಗಳ ಸಾಲಿನಲ್ಲಿ ಕೊನೆಯದಾಗಿರಲಿ.

ಕೊನೆಯದಾಗಿ, ಈಗಾಗಲೇ ಬರೆದಿರುವ ಕೋಡನ್ನು ಬದಲಿಸುವ ಬಗೆ. ಲಾಟನ್ನು ಇದ್ದಲ್ಲಿಯೇ ತಿದ್ದುವ ಸಾಲುಗಳನ್ನು ಕಣ್ಣಿನಿಂದ ಹುಡುಕಿದರೆ ಕೆಲವು ಉಳಿದೇ ಉಳಿಯುತ್ತವೆ. ಅದರ ಬದಲು ‘ಲಾಟ್ ಬದಲಿಸು’ ಫಂಕ್ಷನ್ ನೆಕ್ಸ್ಟ್ ಕರೆಯುವ ಮುನ್ನ ಪಟ್ಟಿಯನ್ನೂ, ಪ್ರತಿ ಲಾಟನ್ನೂ, ಅದರ ಒಳಗಿನ ‘ಗುಣಮಟ್ಟ’ವನ್ನೂ ಆಬ್ಜೆಕ್ಟ್.ಫ್ರೀಜ್ ಮೂಲಕ ಬಿಗಿದುಬಿಡಲಿ. ಫ್ರೀಜ್ ಕೂಡ ಮೇಲ್ಪದರದ್ದೇ ಆದ್ದರಿಂದ ಒಳಗಿನವುಗಳಿಗೆ ಬೇರೆಯಾಗಿ ಕರೆಯಬೇಕು. ಮೊದಲ ಪಟ್ಟಿಯನ್ನು ಸಬ್ಜೆಕ್ಟಿಗೆ ಕೊಡುವಾಗಲೂ ಇದೇ ರೀತಿ ಬಿಗಿಯಿರಿ. ನಿಮ್ಮ ಫೈಲುಗಳು ಇಎಸ್ ಮಾಡ್ಯೂಲುಗಳಾಗಿದ್ದರೆ ಸ್ಟ್ರಿಕ್ಟ್ ಮೋಡ್ ತಾನಾಗಿ ಇರುತ್ತದೆ, ಹಳೆಯ ರೀತಿಯಲ್ಲಿ ತಿದ್ದಲು ಹೋದ ಪ್ರತಿ ಸಾಲೂ ಟೈಪ್‌ಎರರ್ ಕೊಟ್ಟು ತನ್ನ ಫೈಲು ಮತ್ತು ಸಾಲಿನ ಸಂಖ್ಯೆಯನ್ನು ಕನ್ಸೋಲಿನಲ್ಲಿ ತೋರಿಸುತ್ತದೆ. ಸಾಮಾನ್ಯ ಸ್ಕ್ರಿಪ್ಟುಗಳಾಗಿದ್ದರೆ ಫೈಲಿನ ಮೇಲ್ತುದಿಯಲ್ಲಿ ‘ಯೂಸ್ ಸ್ಟ್ರಿಕ್ಟ್’ ಬರೆಯಿರಿ. ಇಲ್ಲದಿದ್ದರೆ ಬಿಗಿದ ಆಬ್ಜೆಕ್ಟಿಗೆ ಬರೆದದ್ದು ಯಾವ ಸೂಚನೆಯೂ ಇಲ್ಲದೆ ವ್ಯರ್ಥವಾಗುತ್ತದೆ. ಲಾಟು ಸೇರಿಸುವುದು, ತೂಕ ತಿದ್ದುವುದು, ತೇವಾಂಶ ನಮೂದಿಸುವುದು, ಪಟ್ಟಿ ಮುದ್ರಿಸುವುದು ಇವಿಷ್ಟನ್ನೂ ಒಮ್ಮೆ ಕೈಯಿಂದ ನಡೆಸಿ, ಕನ್ಸೋಲಿನಲ್ಲಿ ಬಂದ ಪ್ರತಿ ಸಾಲನ್ನೂ ಆ ಫಂಕ್ಷನ್ನಿನ ಕರೆಯಾಗಿ ಬದಲಿಸಿ, ಆಮೇಲೆ ಡಿಸ್ಟಿಂಕ್ಟ್‌ಅಂಟಿಲ್‌ಚೇಂಜ್ಡ್ ಅನ್ನು ಮತ್ತೆ ಹಾಕಿ ನೋಡಿ.